ತೂರಾಡುವವರ ಮನೆತನ

ಘೋಣಸಗಿ
೨ ಅಕ್ಟೋಬರ್ ೨೦೨೩

ಅಕ್ಕ ವಿಜಯಲಕ್ಷ್ಮಿಗೆ ಸಂಗು ಮಾಡುವ ಶರಣು.

ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀ. ಫೋನಿನಲ್ಲಿ ನನ್ನ ದನಿ ಕೇಳಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀ, ಅದಕ್ಕೆ. ಮೊನ್ನೆ ಟಿಕೋಟಾದ ಔಷಧದ ಅಂಗಡಿಗೆ ದ್ರಾಕ್ಷಿಗೆ ಹೊಡೆಯುವ ಪುಡಿ ಕೇಳಲು ಫೋನ್ ಮಾಡಿದ್ದೆ. ನಾಲ್ಕು ಮಾತು ಆಡುವಷ್ಟರಲ್ಲಿ ಅಂಗಡಿಯವ, "ಸಂಗಣ್ಣಾರ, ಸಂಜೀಕ ಹಚ್ರಿ, ಇಳದ ಮ್ಯಾಲೆ" ಎಂದು ನಕ್ಕ. ಆಗ ಬೆಳಗಿನ ಹತ್ತು ಗಂಟೆ. ಏನು ಇಳಿಯಬೇಕು ನನಗೆ? ನಾನು ಏರಿಸಿಕೊಂಡಿದ್ದರೆ ತಾನೆ?

ನೀಲವ್ವ ಕಾವ್ಯಾಳನ್ನು ಕರೆದುಕೊಂಡು ನಿಡೋಣಿಗೆ, ತವರಿಗೆ ಹೋಗಿ ಒಂಬತ್ತು ದಿನವಾಯಿತು. ಹೋಗುವ ಮುಂಚೆ ಬಾಟಲಿ ಹುಡುಕಿದಳು. ಕಾಳಿನ ಡಬ್ಬಿಗಳಲ್ಲಿ, ಹಾಸಿಗೆಯ ಕೆಳಗೆ, ಕೊನೆಗೆ ಸಲಿಕೆ ಹಿಡಿದು ತಿಪ್ಪೆಯಲ್ಲೂ. ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. "ಇಷ್ಟ ಹುಷಾರಿಲೆ ಮುಚ್ಚಿಡತೀರಿ ಅಂದ್ರ ಇನ್ನೇನೇನ ಮುಚ್ಚಿಟ್ಟೀರಿ ನನ್ನ ಮುಂದ?" ಎಂದಳು. ಹತ್ತು ವರ್ಷದ ಮಗಳ ಮುಂದೆ.

ಈಗ ತೋಟದಲ್ಲಿ ಚಾಟ್ನಿ ನಡೆದಿದೆ. ಬಳ್ಳಿ ಸವರುವ ಕೆಲಸ ಇಪ್ಪತ್ತು ವರ್ಷದಿಂದ ಮಾಡಿದವನು ನಾನು. ಚಿಗುರು ಒಡೆಯುವ ಕಣ್ಣಿನ ಮೇಲೆ ಒಂದು ಬೆರಳು ಬಿಟ್ಟು ಕತ್ತರಿ ಹಾಕಬೇಕು. ನನ್ನ ಕತ್ತರಿ ಕಣ್ಣಿನ ಮೇಲೇ ಹೋಗಿ ಕೂರುತ್ತಿದೆ. ಕೈ ಹೇಳಿದ ಕಡೆ ಹೋಗುವುದಿಲ್ಲ. ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

ನಾನು ಕುಡಿಯುವುದಿಲ್ಲ ಅಕ್ಕ. ನೀಲವ್ವ ನಿನ್ನ ಮಾತು ಕೇಳುತ್ತಾಳೆ. ಅವಳಿಗೆ ಒಂದು ಮಾತು ಹೇಳು.

ನಿನ್ನ ತಮ್ಮ
ಸಂಗು

*

ಜಲನಗರ, ವಿಜಯಪುರ
೧೧ ಅಕ್ಟೋಬರ್ ೨೦೨೩

ಸಂಗು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಬರೆದದ್ದನ್ನು ಓದಿದೆ, ಎರಡನೆಯ ಸಲ ಅಕ್ಷರವನ್ನು. ಎಂಟನೆಯ ಇಯತ್ತೆಯಲ್ಲಿ ಅಂದವಾದ ಬರವಣಿಗೆಗೆ ಬಹುಮಾನ ತಂದವನು ನೀನು. ಈಗ ನೋಡು, ಒಂದು ಸಾಲು ಮೇಲೆ ಹತ್ತುತ್ತದೆ, ಒಂದು ಕೆಳಗೆ ಜಾರುತ್ತದೆ. 'ನಾನು ಕುಡಿಯುವುದಿಲ್ಲ' ಎಂಬ ಸಾಲಂತೂ ಕೆಳಗಿನ ಸಾಲಿನ ಮೇಲೆ ಬಿದ್ದಿದೆ. ಯಾರಿಗೆ ಹೇಳುತ್ತೀ ಇದನ್ನು?

ಫೆಬ್ರವರಿಯಲ್ಲಿ ಬಬಲೇಶ್ವರದ ಮದುವೆಯಲ್ಲಿ ನೀನು ಸಾರಿನ ಬಕೆಟ್ ಹಿಡಿದು ಪಂಕ್ತಿಯ ಮೇಲೆ ಬಿದ್ದೆ. ಉಣ್ಣುತ್ತಿದ್ದ ಮುದುಕರ ಮೈಮೇಲೆಲ್ಲ ಸಾರು. ನಾನು ಎಲ್ಲರ ಮುಂದೆ "ಅಪ್ಪನ ಹಾದಿ ಹಿಡದಾನ" ಎಂದೆ. ಅದಕ್ಕೇ ನೀನು ಎಂಟು ತಿಂಗಳು ಮಾತು ಬಿಟ್ಟೆ. ಆಡಿದ ಮಾತಿಗೆ ನನಗೇನೂ ಪಶ್ಚಾತ್ತಾಪವಿಲ್ಲ. ಅಪ್ಪನೂ ಹೀಗೇ ತೂರಾಡುತ್ತಿದ್ದ, ನಾಲಿಗೆ ತೊದಲುತ್ತಿತ್ತು, ಕೊರಳಿನ ಲಿಂಗ ಹಿಡಿದು ಕುಡಿದಿಲ್ಲವೆಂದು ಆಣೆ ಮಾಡುತ್ತಿದ್ದ. ಅವ್ವ ಒಂದು ವರ್ಷ ತಡೆದು ಕೊನೆಗೆ ಅವನನ್ನು ಹೊಲದ ಗುಡಿಸಲಿಗೆ ಕಳಿಸಿದಳು. ಅಲ್ಲಿ ಒಬ್ಬನೇ ರೊಟ್ಟಿಯ ತುತ್ತು ಗಂಟಲಿಗೆ ಸಿಕ್ಕಿ ಸತ್ತ. ಆಗ ನಿನಗೆ ಹನ್ನೊಂದು ವರ್ಷ, ನನಗೆ ಹದಿನಾರು. ನಿನಗೆ ಮರೆತಿರಬಹುದು.

ಅವ್ವ ಈಗ ನನ್ನ ಹತ್ತಿರವೇ ಇದ್ದಾಳೆ. ಅವಳಿಗೆ ನಿನ್ನ ಕಾಗದ ಓದಿ ಹೇಳಿಲ್ಲ. ಎಪ್ಪತ್ತಾರರ ವಯಸ್ಸಿನಲ್ಲಿ ಮತ್ತೊಮ್ಮೆ ಅದನ್ನೇ ನೋಡಲಿ ಎಂದೆಯಾ?

ಒಂದು ಕೆಲಸ ಮಾಡು. ತಾರೀಖು ಮೂವತ್ತು, ಸೋಮವಾರ, ಮುಂಜಾನೆಯ ಬಸ್ಸಿಗೆ ಬಾ. ನನಗೆ ಗುರುತಿನ ವೈದ್ಯರಿದ್ದಾರೆ. ತೋರಿಸೋಣ. ಎರಡು ಜೊತೆ ಬಟ್ಟೆ ತಂದಿರು, ಪರೀಕ್ಷೆಗೆ ನಿಲ್ಲಿಸಿಕೊಳ್ಳಬಹುದು. ಬಂದರೆ ನೀಲವ್ವನ ಜೊತೆ ನಾನೇ ಮಾತಾಡುತ್ತೇನೆ.

ವಿಜಯಲಕ್ಷ್ಮೀ

*

ಘೋಣಸಗಿ
೧೯ ಅಕ್ಟೋಬರ್ ೨೦೨೩

ಅಕ್ಕ,

ಯಾವ ವೈದ್ಯರು? ಅವರ ಹೆಸರು ಬರೆದಿಲ್ಲ. ಆಸ್ಪತ್ರೆ ಎಲ್ಲಿ ಎಂದೂ ಬರೆದಿಲ್ಲ. ತೋರಿಸಲು ಹೋಗುವವನಿಗೆ ಎರಡು ಜೊತೆ ಬಟ್ಟೆ ಏಕೆ? ನಿನ್ನೆ ನಿಡೋಣಿಗೆ ಹೋಗಿದ್ದೆ. ನೀನು ನೀಲವ್ವನಿಗೆ ಈಗಾಗಲೇ ಫೋನ್ ಮಾಡಿದ್ದೀ ಎಂದು ಕಾವ್ಯಾಳಿಂದ ತಿಳಿಯಿತು. ಏನು ಮಾತಾಡಿದಿರಿ ಎಂದರೆ ನೀಲವ್ವ ನೆಲ ನೋಡಿದಳು.

ಪಕ್ಕದೂರಿನ ಒಬ್ಬನನ್ನು ಮನೆಯವರು ಹೀಗೇ ಡಾಕ್ಟರಿಗೆ ತೋರಿಸುತ್ತೇವೆಂದು ಕರೆದೊಯ್ದು ಕುಡಿತ ಬಿಡಿಸುವ ಕಡೆ ಕೂಡಿಹಾಕಿದ್ದರು. ಹಾಗೆ ಮಾಡುವುದಾದರೆ ಮೊದಲೇ ಹೇಳಿಬಿಡು. ನೀನು ಅಂಥವಳಲ್ಲ ಎಂದು ನಂಬಿ ಬರುತ್ತೇನೆ. ಅವ್ವನ ಮೇಲೆ ಆಣೆ ಮಾಡಿ ಹೇಳು, ಬರಿ ಡಾಕ್ಟರು ತಾನೆ?

ಫೋನಿನಲ್ಲಿ 'ಹೂಂ' ಎಂದಷ್ಟೇ ಹೇಳು, ಸಾಕು.

ಸಂಗು

*

೩ ನವೆಂಬರ್ ೨೦೨೩

ಅಕ್ಕ,

ನೀನು 'ಹೂಂ' ಎಂದಿದ್ದೆ.

ಈ ಕಾಗದವನ್ನು ಇಲ್ಲಿ ಕೆಲಸಕ್ಕಿರುವ ನಾಸೀರ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕಿಟಕಿಗೆ ಜಾಳಿಗೆ ಇದೆ. ನನ್ನ ಕೋಣೆಯಲ್ಲಿ ನಾಲ್ಕು ಜನ. ಇರುಳೆಲ್ಲ ಬೆವತು ನಡುಗಿ ಕೂಗಾಡುತ್ತಾರೆ. ನನಗೆ ಏನೂ ಆಗುವುದಿಲ್ಲ. ಅದಕ್ಕೆ ಅವರೂ ನನ್ನನ್ನು ಸಂಶಯದಿಂದ ನೋಡುತ್ತಾರೆ, ನಾನು ಎಲ್ಲೋ ಮುಚ್ಚಿಟ್ಟುಕೊಂಡು ಕುಡಿಯುತ್ತಿದ್ದೇನೆಂದು.

ಮುಂದಿನ ವಾರ ದೀಪಾವಳಿ. ಕಾವ್ಯಾಳಿಗೆ ಏನು ಹೇಳುತ್ತೀರಿ?

ನನ್ನನ್ನು ನೋಡಲು ಬರಬೇಡ.

ಸಂಗು

*

ಜಲನಗರ
೨೬ ನವೆಂಬರ್ ೨೦೨೩

ತಮ್ಮಾ ಸಂಗು,

ನೀನು ಇದನ್ನು ಓದದೆ ಹರಿದು ಹಾಕಬಹುದು. ಅದಕ್ಕೇ ನೀಲವ್ವನ ಹೆಸರಿಗೆ, ನಿಡೋಣಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವಳು ಓದಿ ಹೇಳಲಿ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನಾಸೀರ ಎಂಬವರ ಫೋನ್ ಬಂತು. "ಮೇಡಂ, ಹನ್ನೆರಡ ವರ್ಷ ಆತ್ರಿ ನಾ ಕುಡಿಯೋರನ್ನ ನೋಡಾಕತ್ತು. ಬಿಡಿಸಿದ ಮೂರು ದಿನಕ್ಕ ಅವರ ಕೈಕಾಲು ನಡಗತಾವ, ಎರಡು ವಾರಕ್ಕ ನೆಟ್ಟಗ ಆಗತಾರ. ನಿಮ್ಮ ತಮ್ಮ ಮೊದಲನೇ ದಿನ ನಡಗಲೂ ಇಲ್ಲ, ಇವತ್ತ ನೆಟ್ಟಗ ಆಗಲೂ ಇಲ್ಲ. ಇವರದು ಕುಡಿತಲ್ರಿ. ಬ್ಯಾರೆ ಏನೋ ಐತಿ" ಎಂದರು.

ಆಗಲೂ ನಾನು ಏನು ಮಾಡಿದೆ ಗೊತ್ತೇ? ಈ ಮನುಷ್ಯನೇ ನಿನಗೆ ಒಳಗೆ ಬಾಟಲಿ ತಂದುಕೊಡುತ್ತಿರಬೇಕು, ಅದಕ್ಕೇ ನಿನ್ನ ಪರ ಮಾತಾಡುತ್ತಿದ್ದಾನೆ ಎಂದುಕೊಂಡೆ. ಅವರ ಮೇಲೆ ದೂರು ಕೊಡುತ್ತೇನೆಂದು ಗದರಿದೆ. ಅವರು ಸಿಟ್ಟಾಗಲಿಲ್ಲ. "ರಕ್ತ ತಪಾಸ ಮಾಡಿಸ್ಯಾರ್ರಿ, ಚೀಟಿ ನೋಡ್ರಿ" ಎಂದರು. ನೋಡಿದೆ. ನೀನು ಒಳಗೆ ಹೋದ ದಿನದ ರಕ್ತದಲ್ಲೂ ಕುಡಿದದ್ದರ ಸುಳಿವಿರಲಿಲ್ಲ. ಯಕೃತ್ತು ಹಸುಗೂಸಿನದರಷ್ಟು ಚೊಕ್ಕಟ.

ಕಾಲೇಜಿನಲ್ಲಿ ನನ್ನ ಕೆಲಸ ನಿನಗೆ ಗೊತ್ತಿದೆ. ಅಂಗರಚನಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ದೇಹದ ಭಾಗಗಳನ್ನು ತೊಳೆದು, ಔಷಧದ ನೀರಿನಲ್ಲಿ ಇಳಿಸಿ, ಗಾಜಿನ ಭರಣಿಗಳಿಗೆ ಚೀಟಿ ಅಂಟಿಸುವವಳು. ಅಂದು ಮಧ್ಯಾಹ್ನ ನಮ್ಮ ಪ್ರಾಧ್ಯಾಪಕ ಡಾಕ್ಟರ್ ಸಾದಿಕ ಅವರ ಮುಂದೆ ನಿನ್ನ ವಿಷಯ ತೆಗೆದೆ. ಅವರು ನಡಿಗೆ ಹೇಗೆ, ಮಾತು ಹೇಗೆ, ಅಕ್ಷರ ಹೇಗೆ ಎಂದು ಒಂದೊಂದಾಗಿ ಕೇಳಿದರು. ನಿನ್ನ ಮೊದಲ ಕಾಗದ ನನ್ನ ಚೀಲದಲ್ಲೇ ಇತ್ತು, ತೋರಿಸಿದೆ. ಅವರು ಎದ್ದು ಕಪಾಟಿನಿಂದ ಒಂದು ಭರಣಿ ತಂದಿಟ್ಟರು. ಅದರ ಮೇಲೆ ನನ್ನದೇ ಅಕ್ಷರ: ಹಿಮ್ಮೆದುಳು.

"ವಿಜಯಲಕ್ಷ್ಮೀ ಅವರ, ಕುಡದವರು ತೂರಾಡೋದು ಯಾಕ ಹೇಳ್ರಿ? ದಾರೂ ಹೋಗಿ ಹಿಡಿಯೋದು ಇದನ್ನ" ಎಂದು ಹಿಂದಲೆಯ ಕೆಳಗೆ ಎರಡು ಉಂಡೆಯಾಗಿ ಕೂತ ಕಿರುಮೆದುಳನ್ನು ತೋರಿಸಿದರು. "ಇದು ತಾನಾಗೇ ಸೊರಗಿದ್ರೂ ಮನಷ್ಯಾ ಹಂಗ ಕಾಣತಾನ. ಹೊರಗ ನಿಂತು ನೋಡೋರಿಗೆ ಎರಡೂ ಒಂದ."

ಎಲ್ಲ ನನಗೆ ಗೊತ್ತಿದ್ದದ್ದೇ ಸಂಗು. ಅವರು ಹುಡುಗರಿಗೆ ಪಾಠ ಮಾಡುವಾಗ ನೂರು ಸಲ ಕೇಳಿದ್ದೇನೆ. ಬಸಿರಿನ ನಾಲ್ಕನೆಯ ವಾರದಲ್ಲಿ ಮೆದುಳು ಒಂದು ಸಣ್ಣ ಕೊಳವೆಯ ತುದಿಯಲ್ಲಿ ಮೂರು ಉಬ್ಬು ಅಷ್ಟೇ. ಹಿಂದಿನ ಉಬ್ಬಿನಿಂದ ಆಗುವುದು ಹಿಮ್ಮೆದುಳು. ಅದರ ತೀರ ಕೆಳಗಿನ ಭಾಗ ಉಸಿರು, ಎದೆಬಡಿತ, ನುಂಗುವುದು ಇವನ್ನೆಲ್ಲ ನಾವು ನೆನೆಸಿಕೊಳ್ಳದೆಯೇ ನಡೆಸುತ್ತದೆ. ಮಧ್ಯದ್ದು ಸೇತುವೆಯ ಹಾಗೆ ಮೇಲಿನ ಸುದ್ದಿಯನ್ನು ದಾಟಿಸುತ್ತದೆ. ಕಿರುಮೆದುಳು ಎಲ್ಲಕ್ಕಿಂತ ತಡವಾಗಿ ಬಲಿಯುವಂಥದ್ದು. ಮಗು ಹುಟ್ಟಿದ ಮೇಲೂ, ಎದ್ದು ನಿಲ್ಲಲು ಕಲಿಯುವ ದಿನಗಳಲ್ಲೂ ಅದು ಬೆಳೆಯುತ್ತಲೇ ಇರುತ್ತದೆ. ನೀನು ಕೈ ಚಾಚಿದರೆ ಎಷ್ಟು ದೂರ, ಎಲ್ಲಿ ನಿಲ್ಲಿಸಬೇಕು ಎಂದು ಲೆಕ್ಕ ಇಡುವುದು ಅದೇ. ಕತ್ತರಿ ಕಣ್ಣಿನ ಮೇಲೆ ಕೂರುತ್ತದೆ ಎಂದು ನೀನು ಬರೆದಾಗ ನನಗೆ ಹೊಳೆಯಬೇಕಿತ್ತು. ಬಾಟಲಿಯೇ ಕಣ್ಣ ಮುಂದೆ ಬಂತು.

ಮರುದಿನವೇ ನಿನ್ನನ್ನು ಅಲ್ಲಿಂದ ಬಿಡಿಸಿದೆ, ನೀನು ನನ್ನ ಮುಖವನ್ನೂ ನೋಡದೆ ಊರಿನ ಬಸ್ಸು ಹತ್ತಿದೆ. ನರರೋಗದ ವೈದ್ಯರ ಹೆಸರು, ವಿಳಾಸ, ದಿನ ಎಲ್ಲವನ್ನೂ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಈ ಸಲ ನಾನು ಬರುವುದಿಲ್ಲ. ನೀಲವ್ವನನ್ನು ಕರೆದುಕೊಂಡು ಹೋಗು. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಬರುತ್ತಿದ್ದರೆ ಮುಚ್ಚಿಡಬೇಡ.

ವಿಜ್ಜಿ

*

ಘೋಣಸಗಿ
೧೬ ಜನವರಿ ೨೦೨೪

ಅಕ್ಕ,

ನಿನ್ನ ಚೀಟಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ. ನೀಲವ್ವನ ಅಣ್ಣನನ್ನು ಮೊದಲು ಕಳಿಸಿ ಅದು ಖರೆ ಆಸ್ಪತ್ರೆಯೇ, ಹೊರಗೆ ಬರುವ ಬಾಗಿಲು ಇದೆಯೇ ಎಂದು ನೋಡಿಸಿಕೊಂಡೇ ಹೋದೆ.

ಡಾಕ್ಟರು ಗೆರೆಯ ಮೇಲೆ ನಡೆಸಿದರು. ಮೂರನೆಯ ಹೆಜ್ಜೆಗೆ ಗೋಡೆ ಹಿಡಿದೆ. ನನ್ನ ಬೆರಳಿನಿಂದ ನನ್ನದೇ ಮೂಗು ಮುಟ್ಟು ಎಂದರು, ಕೆನ್ನೆ ಮುಟ್ಟಿತು. ಅವರ ಬೆರಳು ಮುಟ್ಟು ಎಂದರು, ಹತ್ತಿರ ಹೋದಷ್ಟೂ ಕೈ ಓಲಾಡಿತು. ನೀಲವ್ವ ಮೊದಮೊದಲು ಬೇಕೆಂದೇ ಮಾಡುತ್ತಿದ್ದೇನೆ ಎಂಬ ಹಾಗೆ ನೋಡುತ್ತಿದ್ದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು.

ತಲೆಯ ಸ್ಕ್ಯಾನ್ ಮಾಡಿಸಿ ಚಿತ್ರ ತೋರಿಸಿದರು. ತುಂಬಿಕೊಂಡಿರಬೇಕಾದ ಕಿರುಮೆದುಳು ಸುಕ್ಕಾಗಿ ಸುತ್ತ ಕಪ್ಪು ಜಾಗ ಬಿಟ್ಟಿದೆ. ಶೆಡ್ಡಿನಲ್ಲಿ ಹದಿನೈದು ದಿನ ಒಣಗಿದ ದ್ರಾಕ್ಷಿಯನ್ನು ನಾನು ನೋಡದವನೇ? ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ವಾಸಿ ಮಾಡುವ ಔಷಧ ಇಲ್ಲವಂತೆ. ವ್ಯಾಯಾಮ ಮಾಡಬೇಕು, ಗದ್ದ ಎದೆಗೆ ಒತ್ತಿಕೊಂಡು ನುಂಗಬೇಕು, ತೆಳು ನೀರಿಗಿಂತ ಗಂಜಿ ಒಳ್ಳೆಯದು. ನೀರು ಕುಡಿದರೆ ಕೆಮ್ಮು ಬರುತ್ತದೆ, ಹೌದು. ಒಂದು ವರ್ಷದಿಂದ ಬರುತ್ತಿದೆ. ಯಾರಿಗೂ ಹೇಳಿರಲಿಲ್ಲ.

ನೀಲವ್ವ ಮತ್ತು ಕಾವ್ಯಾ ಮನೆಗೆ ಬಂದಿದ್ದಾರೆ.

ಆದರೆ ಈ ಕಾಗದ ಬರೆಯುವುದು ಬೇರೆ ಮಾತಿಗೆ. "ನಿಮ್ಮ ಮನೆತನದಾಗ ಯಾರಿಗರ ಹಿಂಗ ಇತ್ತೇನ್ರಿ?" ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ನೀಲವ್ವ, "ಇಲ್ರಿ. ನಮ್ಮ ಮಾವನವರೂ ತೂರಾಡತಿದ್ರಂತ, ಆದ್ರ ಅವರು ಕುಡೀತಿದ್ರಂತ್ರಿ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರು ಕುಡಿಯೋದನ್ನ ಯಾರು ನೋಡ್ಯಾರ?" ಎಂದರು.

ನೀಲವ್ವ ನನ್ನ ಕಡೆ ತಿರುಗಿದಳು.

ನಾನು ನೋಡಿಲ್ಲ ಅಕ್ಕ. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದವನು ನಾನು, ಒಮ್ಮೆಯೂ ನೋಡಿಲ್ಲ. ಅವ್ವನೂ ತಾನು ನೋಡಿದೆ ಎಂದು ಎಂದೂ ಹೇಳಿಲ್ಲ. ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ವಿಜ್ಜಿ ಕಣ್ಣಾರೆ ಕಂಡಾಳ." ನೀನು ಏನು ಕಂಡಿದ್ದೆ?

ಸಂಗು

*

ಜಲನಗರ
೧೧ ಫೆಬ್ರವರಿ ೨೦೨೪

ಸಂಗು,

ಅವ್ವನಿಗೆ ಹೇಳಿದೆ. ಜೋಳ ಹಸನು ಮಾಡುತ್ತ ಕುಳಿತಿದ್ದಳು. ನಿನ್ನ ರೋಗದ ವಿಷಯ ಹೇಳಿದೆ, ಇದು ರಕ್ತಸಂಬಂಧದಲ್ಲಿ ಇಳಿದು ಬರುವುದು, ಅಪ್ಪನಿಗೂ ಇದೇ ಇತ್ತೆಂದು ಕಾಣುತ್ತದೆ ಎಂದೆ. ಮೊರ ನಿಂತಿತು. "ಹಂಗಾದ್ರ ಅಂವ ಲಿಂಗ ಹಿಡದು ಆಣಿ ಮಾಡತಿದ್ದದ್ದು ಖರೇನ ಏನ?" ಎಂದಳು. ನಾನು ಹೌದೆಂದೆ. "ನಾ ಮತ್ತ ಯಾರನ್ನ ಹೊರಗ ಹಾಕಿದ್ನೇ ಯವ್ವಾ?" ಎಂದಳು.

ಅಂದಿನಿಂದ ಅವಳು ಸರಿಯಾಗಿ ಉಂಡಿಲ್ಲ. ತುತ್ತು ಬಾಯಿಗೆ ಇಟ್ಟು ನನ್ನನ್ನು ನೋಡುತ್ತಾಳೆ. ಆ ನೋಟ ನನಗೆ ಸೇರುವುದಿಲ್ಲ. ನೀನು ಅವಳಿಗೆ ಫೋನಿನಲ್ಲಿ ಏನಾದರೂ ಹೇಳಿದ್ದೀಯಾ? ನನ್ನ ಬೆನ್ನ ಹಿಂದೆ ನೀವಿಬ್ಬರೂ ಮಾತಾಡುತ್ತೀರಿ ಎಂದು ನನಗೆ ಅನಿಸುತ್ತದೆ.

ನೀನು ಕೇಳಿದ್ದಕ್ಕೆ: ಮೂವತ್ತು ವರ್ಷದ ಹಿಂದಿನ ಮಾತು. ನೆನಪಿಲ್ಲ.

ವಿಜಯಲಕ್ಷ್ಮೀ

*

ಘೋಣಸಗಿ
೨೧ ಏಪ್ರಿಲ್ ೨೦೨೪

ಅಕ್ಕ,

ನೆನಪಿಲ್ಲ ಎಂದು ಬರೆದಿದ್ದೀ. ಎಂಟನೆಯ ಇಯತ್ತೆಯಲ್ಲಿ ನನಗೆ ಬಂದ ಬಹುಮಾನ ನಿನಗೆ ನೆನಪಿದೆ.

ನನ್ನ ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದರು. ಬಂದಿದೆ. ಮನೆತನದಲ್ಲಿ ಇಳಿದು ಬರುವಂಥದ್ದೇ. ಮಕ್ಕಳಿಗೆ ಬರುವುದು ಅರ್ಧಕ್ಕರ್ಧ ಎಂದರು. ಕಾವ್ಯಾಳನ್ನೂ ಪರೀಕ್ಷೆ ಮಾಡಿ ಎಂದು ನೀಲವ್ವ ಕೈ ಮುಗಿದಳು. ಹದಿನೆಂಟು ತುಂಬುವ ತನಕ ಮಾಡುವುದಿಲ್ಲವಂತೆ. ಆಮೇಲೂ ತಿಳಿಯಬೇಕೋ ಬೇಡವೋ ಎಂದು ಅವಳೇ ಹೇಳಬೇಕಂತೆ.

ಈಗ ನಮ್ಮ ಮನೆಯಲ್ಲಿ ಏನಾಗಿದೆ ಹೇಳುತ್ತೇನೆ. ಮೊದಲು ನನ್ನನ್ನು ನೋಡುತ್ತಿದ್ದ ಕಣ್ಣಿನಿಂದ ನೀಲವ್ವ ಈಗ ಮಗಳನ್ನು ನೋಡುತ್ತಾಳೆ. ಹುಡುಗಿ ಲೋಟ ಕೆಡವಿದರೆ ಇವಳ ಕೈ ನಿಂತುಬಿಡುತ್ತದೆ. ಸಾಲೆಯ ನೋಟಬುಕ್ಕು ತೆಗೆದು ಹೋದ ವರ್ಷದ್ದರ ಪಕ್ಕದಲ್ಲಿ ಇಟ್ಟು ಅಕ್ಷರ ತಾಳೆ ನೋಡುತ್ತಾಳೆ. ಮೊನ್ನೆ ಕುಂಟಾಬಿಲ್ಲೆ ಆಡುವಾಗ ಕಾವ್ಯಾ ಗೆರೆ ತುಳಿದಳು. "ಯಾಕ ತುಳದೀ? ಕಾಲು ಎತ್ತಾಕ ಬರಲಿಲ್ಲೇನ? ಇನ್ನೊಮ್ಮೆ ಆಡಿ ತೋರ್ಸು" ಎಂದು ನೀಲವ್ವ ಅಂಗಳಕ್ಕೆ ಓಡಿದಳು. ಹುಡುಗಿಗೆ ಅಳುವೇ ಬಂತು. "ಆಟದಾಗ ಎಲ್ಲಾರೂ ತುಳಿತಾರಬೇ" ಎಂದಳು. ಆಮೇಲೆ ಅವಳು ಅಂಗಳದಲ್ಲಿ ಆಡುವುದನ್ನೇ ಬಿಟ್ಟಿದ್ದಾಳೆ.

ನೀಲವ್ವನನ್ನು ಕೂರಿಸಿಕೊಂಡು ಹೇಳಿದೆ: "ಬಿದ್ರ ಎತ್ತು. ನೋಡಬ್ಯಾಡ." ಅವಳು ಹೂಂ ಎನ್ನುತ್ತಾಳೆ, ಮತ್ತೆ ನೋಡುತ್ತಾಳೆ. ನಾನೂ ನೋಡುತ್ತೇನೆ, ಸುಳ್ಳೇಕೆ.

ನೀನು ಎರಡು ತಿಂಗಳಿಂದ ಬರೆದಿಲ್ಲ. ಫೋನಿನಲ್ಲಿ ಅವ್ವನಿಗೆ ಕೊಟ್ಟು ಸರಿದು ಹೋಗುತ್ತೀ. ನಿನಗೂ ಶುರುವಾಗಿದೆಯೇ? ಮುಚ್ಚಿಡುತ್ತಿದ್ದೀಯಾ? ಇಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದೀಯಾ? ಏನಿದ್ದರೂ ಬರೆ. ಏನು ಕಂಡಿದ್ದೆ ಎಂಬುದನ್ನೂ ಬರೆ.

ಸಂಗು

*

ಜಲನಗರ
೧೬ ಜೂನ್ ೨೦೨೪

ತಮ್ಮಾ,

ಪರೀಕ್ಷೆ ಮಾಡಿಸಿಕೊಂಡೆ. ಅಷ್ಟರ ಮಟ್ಟಿಗೆ ನಿನ್ನ ಊಹೆ ಸರಿ.

ಮಾರ್ಚಿನಲ್ಲಿ ಕೆಲಸದ ಕಡೆ ನನ್ನ ಕೈಯಿಂದ ಒಂದು ಭರಣಿ ಜಾರಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅಂದಿನಿಂದ ನನಗೆ ನನ್ನ ಮೇಲೇ ಕಣ್ಣು. ಜಲನಗರದ ಓಣಿಯಲ್ಲಿ ನಡೆಯುವಾಗ ಗಟಾರದ ಅಂಚಿನ ಕಲ್ಲನ್ನೇ ಗೆರೆ ಮಾಡಿಕೊಂಡು ನಡೆದೆ. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ದಿನಕ್ಕೆ ಇಪ್ಪತ್ತು ಸಲ ಮೂಗು ಮುಟ್ಟಿಕೊಂಡೆ. ಹಣೆಯ ವಿಭೂತಿ ಸೊಟ್ಟಗಾದರೆ ಒರೆಸಿ ಮತ್ತೆ ಹಚ್ಚುತ್ತಿದ್ದೆ. ಪಕ್ಕದ ಮನೆಯವರು ಸುಮ್ಮನೆ ನೋಡಿದರೂ, ನಾನು ತೂರಾಡುತ್ತಿದ್ದೇನೇನೋ, ಅವರು ಒಳಗೆ ಹೋಗಿ ಏನನ್ನುತ್ತಾರೋ ಎಂದು ಅನಿಸುತ್ತಿತ್ತು. ಅಪ್ಪ ಒಂದು ವರ್ಷ ಊರೆಲ್ಲ ಹೀಗೇ ನಡೆದಿದ್ದಾನೆ ಸಂಗು. ಆ ಕಣ್ಣುಗಳಲ್ಲಿ ನನ್ನವೂ ಇದ್ದವು.

ಫಲಿತಾಂಶ ಬಂದು ಮೂರು ವಾರವಾಯಿತು. ನನಗೆ ಇಲ್ಲ. ಭರಣಿ ಒದ್ದೆಯಾಗಿತ್ತು, ಜಾರಿತ್ತು, ಅಷ್ಟೇ.

ಇದನ್ನು ನಿನಗೆ ಬರೆಯಲು ಮೂರು ವಾರ ಬೇಕಾಯಿತು. ಇದೆ ಎಂದು ಬಂದಿದ್ದರೆ ಅಂದೇ ಬರೆಯುತ್ತಿದ್ದೆ.

ಈಗ ನೀನು ಕೇಳಿದ್ದು.

ಹತ್ತನೆಯ ಇಯತ್ತೆಯಲ್ಲಿ ನಾನು ಟಿಕೋಟಾಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ಬಸ್ಸು ಇಳಿದಾಗ ಅಪ್ಪ ನನ್ನನ್ನು ಕರೆಯಲು ಬಂದು ನಿಂತಿದ್ದ. ನನ್ನ ಜೊತೆ ನಾಲ್ಕು ಜನ ಗೆಳತಿಯರು. ಅವನು ಕೈ ಎತ್ತಿ ನಗುತ್ತಾ ಬಂದವನು ಕಾಲಿಗೆ ಕಾಲು ತೊಡರಿ ನಮ್ಮ ಮುಂದೆಯೇ ಬೋರಲು ಬಿದ್ದ. ಧೋತರ ಕಳಚಿತು. ಹುಡುಗಿಯರು ಕಿಸಕ್ಕೆಂದರು. ನಾನು ಅವನನ್ನು ಎತ್ತಲಿಲ್ಲ. ದಾಟಿಕೊಂಡು ಮನೆಗೆ ಬಂದೆ.

ಅವ್ವ ಮೊದಲಿಂದಲೂ ಸಂಶಯದಲ್ಲೇ ಇದ್ದಳು. ಆದರೂ ಅವನ ಆಣೆಯನ್ನು ಒಂದಿಷ್ಟು ನಂಬುತ್ತಿದ್ದಳು. ಅಂದು ನನ್ನ ಮುಖ ನೋಡಿ, "ಏನಾತು? ಕುಡದಾನೇನು? ಖರೇ ಹೇಳು, ನೀ ಕಣ್ಣಾರೆ ಕಂಡೀಯೇನು?" ಎಂದಳು. ನಾನು, "ಕಂಡೀನಿ. ಬಸ್‌ಸ್ಟ್ಯಾಂಡಿನ ಹಿಂದ ಬಾಟ್ಲಿ ಎತ್ತಿ ಕುಡಿಯಾಕತ್ತಿದ್ದ" ಎಂದೆ.

ನಾನು ಕಂಡಿರಲಿಲ್ಲ. ಬಿದ್ದದ್ದನ್ನು ಮಾತ್ರ ಕಂಡಿದ್ದೆ. ಬಾಟಲಿಯನ್ನು ನಾನೇ ಸೇರಿಸಿದೆ. ಆ ಹುಡುಗಿಯರ ಮುಂದೆ ನನ್ನ ಮಾನ ಹೋಗಿತ್ತಲ್ಲ, ಅದಕ್ಕೆ ಅವನನ್ನು ಹೊಡೆಸಬೇಕಿತ್ತು. ಮರುದಿನವೇ ಅವ್ವ ಅವನ ಹಾಸಿಗೆಯನ್ನು ಹೊಲಕ್ಕೆ ಕಳಿಸಿದಳು. ಆರು ತಿಂಗಳಿಗೆ ಸತ್ತ. ಸುಳ್ಳು ಹೇಳಿದೆ ಎಂದು ನನಗೇ ಅನಿಸುತ್ತಿರಲಿಲ್ಲ, ಏಕೆಂದರೆ ಅವನು ಕುಡಿಯುತ್ತಾನೆ ಎಂದು ನಾನು ನಂಬಿದ್ದೆ. ನಾನು ನೋಡದ ವೇಳೆಯಲ್ಲಿ ಕುಡಿದೇ ಇರುತ್ತಾನೆ ಎಂದುಕೊಂಡಿದ್ದೆ. ಬಬಲೇಶ್ವರದಲ್ಲಿ ನೀನು ಬಿದ್ದಾಗಲೂ ಅಷ್ಟೇ. ನೀನೂ ಕುಡುಕನಾದರೆ ನನ್ನ ಆ ಮಾತು ಖರೆಯಾಗುತ್ತಿತ್ತು.

ಅವ್ವ ಬರುವ ವಾರ ಘೋಣಸಗಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಹಟ ಹಿಡಿದಿದ್ದಾಳೆ. ಅವಳಿಗೆ ಇದು ಗೊತ್ತಿಲ್ಲ. ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು.

ವಿಜ್ಜಿ

*

ಘೋಣಸಗಿ
೭ ಜುಲೈ ೨೦೨೪

ಅಕ್ಕ,

ಇದನ್ನು ನಾಲ್ಕು ದಿನದಿಂದ ಸ್ವಲ್ಪಸ್ವಲ್ಪವೇ ಬರೆಯುತ್ತಿದ್ದೇನೆ. ನೀಲವ್ವ ಬರೆದುಕೊಡುತ್ತೇನೆ ಎಂದಳು, ಅವಳಿಗೆ ಕೊಡಲಿಲ್ಲ. ಅವಳು ನಿನ್ನ ಕಾಗದ ಓದಿಲ್ಲ. ಓದಲು ಕಷ್ಟವಾದರೆ ನಿಧಾನವಾಗಿ ಓದು.

ಅವ್ವ ಬಂದ ಮರುದಿನವೇ ಹೊಲಕ್ಕೆ ಕರೆದುಕೊಂಡು ನಡಿ ಎಂದಳು. ಆ ಗುಡಿಸಲು ಈಗಿಲ್ಲ, ಅಲ್ಲಿ ಒಣದ್ರಾಕ್ಷಿಯ ಶೆಡ್ಡು ಇದೆ. ಜಾಗ ತೋರಿಸಿದೆ. ನಾನು ಕೋಲು ಊರಿಕೊಂಡು ನಿಂತಿದ್ದೆ, ಅವಳು ನನ್ನ ತೋಳು ಹಿಡಿದಿದ್ದಳು. ಇಬ್ಬರಲ್ಲಿ ಯಾರು ಯಾರನ್ನು ಹಿಡಿದಿದ್ದೆವೋ ತಿಳಿಯದು. ಅವಳು ಅಳಲಿಲ್ಲ. ಹಿಂದಿರುಗುವಾಗ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಹಳೆಯ ಮಂದಿ ಕುಳಿತಿದ್ದರು. ಅವ್ವ ಅಲ್ಲೇ ನಿಂತಳು. ಗಂಡಸರ ಮುಂದೆ ಎಂದೂ ದನಿ ಎತ್ತದವಳು, ಸೆರಗು ಸರಿ ಮಾಡಿಕೊಂಡು ಹೇಳಿದಳು.

"ನನ್ನ ಗಂಡ ಬಸಗೊಂಡಪ್ಪ ಕುಡೀತಿದ್ದಿಲ್ಲ. ಅವಗ ತಲಿಯೊಳಗ ಬ್ಯಾನಿ ಇತ್ತು. ನನ್ನ ಮಗಗೂ ಅದೇ ಐತಿ. ನಾ ತಿಳೀದ ಅವನ್ನ ಹೊರಗ ಹಾಕಿದ್ನಿ. ಎಲ್ಲಾರೂ ಕೇಳ್ರಿ."

ನಮ್ಮ ಹೊಲದ ಪಕ್ಕದ ತುಕಾರಾಮ ಕಾಕಾ ಕಟ್ಟೆಯ ತುದಿಯಲ್ಲಿದ್ದ. ಈಗ ಎಂಬತ್ತು ದಾಟಿದೆ. ಅಪ್ಪ ಸತ್ತು ಬಿದ್ದದ್ದನ್ನು ಮೊದಲು ಕಂಡು ಹೆಗಲ ಮೇಲೆ ಹೊತ್ತು ತಂದವನು ಅವನೇ. ಅವನು ಇಳಿದು ಬಂದು ಅವ್ವನ ಮುಂದೆ ನಿಂತ.

"ಮುರಿಗೆವ್ವಾ, ಅವನ್ನ ಹೊತ್ತಾಗ ಅವನ ಬಾಯಿ ನನ್ನ ಕೊರಳಿಗೆ ಹತ್ತಿತ್ತು. ಶೆರೆ ವಾಸನಿ ಇದ್ದಿಲ್ಲ ತಂಗಿ. ಬರೀ ರೊಟ್ಟಿ ವಾಸನಿ."

"ಇಷ್ಟ ವರ್ಷ ಯಾಕ ಹೇಳಲಿಲ್ಲೋ ಯಣ್ಣಾ?" ಎಂದಳು ಅವ್ವ.

"ಯಾರೂ ಕೇಳಲಿಲ್ಲ. ಮನಿ ಮಂದೀನ ಕುಡದಾನ ಅಂದ ಮ್ಯಾಲೆ ನಾ ಯಾರು?"

ಅವ್ವ ಕಟ್ಟೆಯ ಕೆಳಗೆ ನೆಲದ ಮೇಲೇ ಕುಳಿತುಬಿಟ್ಟಳು. ಆಮೇಲೆ ಒಂದೇ ಒಂದು ಮಾತು ಆಡಿದಳು. "ಮತ್ತ ವಿಜ್ಜಿ ಏನ ಕಂಡಳು?" ಎಂದು. ನನ್ನ ಮುಖ ನೋಡಿ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅವಳು ನಂಬಿಲ್ಲ. ದಿನಾ ಒಮ್ಮೆ ಕೇಳುತ್ತಾಳೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದ್ದೇನೆ. ಮೇಲೆ ಗೀಚಿದ ಜಾಗ ಅದೇ, ಕೈ ತಪ್ಪಿದ್ದಲ್ಲ. ನಿನಗೆ ಇಲ್ಲ ಎಂದು ಓದಿದಾಗ ಮೊದಲು ಖುಷಿಯಾಯಿತು, ಮರುಗಳಿಗೆಗೆ ಹೊಟ್ಟೆ ಉರಿಯಿತು, ಮತ್ತೆ ಖುಷಿಯಾಯಿತು. ಮೂರೂ ಖರೆ. ನಾನೂ ಸಾಚಾ ಅಲ್ಲ. ಬುತ್ತಿ ಒಯ್ದಾಗ ಅಪ್ಪ, "ಕೂಡೋ, ಜೋಡಿ ಉಣ್ಣೂನು" ಎನ್ನುತ್ತಿದ್ದ. ಕುಡುಕನ ಪಕ್ಕ ಕೂರುವುದಿಲ್ಲ ಎಂದು ಬುತ್ತಿ ಇಟ್ಟು ಓಡಿ ಬರುತ್ತಿದ್ದೆ. ಕೂತಿದ್ದರೆ ತುತ್ತು ಸಿಕ್ಕ ದಿನ ಯಾರನ್ನಾದರೂ ಕೂಗುತ್ತಿದ್ದೆ.

ಅವ್ವನಿಗೆ ನಾನು ಹೇಳುವುದಿಲ್ಲ. ನೀನೇ ಬಂದು ಹೇಳಬೇಕು. ಅವಳು ಹೊಡೆದರೆ ಹೊಡೆಸಿಕೋ, ಮಾತು ಬಿಟ್ಟರೆ ಇಲ್ಲೇ ನಮ್ಮ ಮನೆಯಲ್ಲಿ ಇದ್ದು ಕಾಯಿ. ಇನ್ನೊಂದು ಕೆಲಸವೂ ಇದೆ. ನೀಲವ್ವನ ಎದುರು ಕಾವ್ಯಾಳ ಜೊತೆ ನೀನು ಅಂಗಳದಲ್ಲಿ ಕುಂಟಾಬಿಲ್ಲೆ ಆಡಬೇಕು. ಆಡಿ ಗೆರೆ ತುಳಿಯಬೇಕು. ರಕ್ತ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದವಳೂ ಗೆರೆ ತುಳಿಯುತ್ತಾಳೆ ಎಂದು ಅವಳು ಕಣ್ಣಾರೆ ಕಾಣಲಿ.

ಹದಿನೈದನೆಯ ತಾರೀಖು ಸೋಮವಾರ ಮುಂಜಾನೆಯ ಬಸ್ಸಿಗೆ ಬಾ. ನಾನು ಸ್ಟ್ಯಾಂಡಿಗೆ ಬರುತ್ತೇನೆ. ಎಷ್ಟು ಬೇಡವೆಂದರೂ ಬರುತ್ತೇನೆ. ಬಹುಶಃ ನಿನ್ನ ಮುಂದೆಯೇ ಬೀಳುತ್ತೇನೆ.

ಎತ್ತು.

ನಿನ್ನ ತಮ್ಮ
ಸಂಗು